ಹರಿಗೋಲೂ ಉಗಿಹಡಗೂ: ನದೀನೌಕೆಗಳ ರಕ್ಷಣೆ ಮತ್ತು ಕಾವ್ಯಾರ್ಥದ ವಿಚಾರ

೧

ಗುಂಡಗುರ್ತಿಯಿಂದ ಮೊದಲುಗೊಂಡು ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ, ಚಿಂಚೋಳಿಗಳವರೆಗೆ ಹಬ್ಬಿರುವ ಸೀಮೆಯು ಕನ್ನಡ ಸಾಹಿತ್ಯ ಚರಿತ್ರೆಯ ಮೊದಲ ಪುಟಗಳಿಗೆ ಸೇರಿದುದು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದನ್ನು ವಾಚಕರು ಬಲ್ಲರು. ಅದು ಕಾಗಿಣಾ ನದಿಯ ದಡದಲ್ಲಿದೆ. ನೃಪತುಂಗನ ಆಸ್ಥಾನದಲ್ಲಿ ಕ್ರಿ. ಶ. ೮೫೦ರ ಸುಮಾರಿಗೆ ಹುಟ್ಟಿದ ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯನ್ನು ಹೇಳುವಾಗ ಬೆಟ್ಟಗಳನ್ನಾಗಲಿ ಕೋಟೆಗಳನ್ನಾಗಲಿ ಹೆಸರಿಸದೆ ಕಾವೇರಿ ಗೋದಾವರಿಗಳೆಂಬ ಎರಡು ನದಿಗಳನ್ನು ಹೆಸರಿಸಿತು. ನಾಡನ್ನು ನದಿಗಳಿಂದ ಅಳೆದ ಗ್ರಂಥವು ನದಿಯ ದಡದ ರಾಜಧಾನಿಯಲ್ಲಿಯೇ ಹುಟ್ಟಿದುದು ಸಹಜವಾಗಿದೆ. ಆದರೆ ಈ ನದಿಗಳನ್ನು ನಮ್ಮ ಪೂರ್ವಿಕರು ಯಾವುದರಲ್ಲಿ ಕುಳಿತು ದಾಟಿದರು, ಆ ದಾಟುವಿಕೆಯು ಕವಿಗಳ ಮಾತಿನೊಳಗೆ ಹೇಗೆ ಸೇರಿಕೊಂಡಿತು ಎಂಬ ಪ್ರಶ್ನೆಯನ್ನು ನಮ್ಮ ಸಾಹಿತ್ಯ ವಿಮರ್ಶೆಯು ಸಾಕಷ್ಟು ಕೇಳಿಕೊಂಡಂತೆ ಕಾಣುವುದಿಲ್ಲ.

ಅನ್ಯದೇಶಗಳಲ್ಲಿ ಹಳೆಯ ಉಗಿಹಡಗುಗಳನ್ನು ಉಳಿಸುವ ವಿಷಯದಲ್ಲಿ ಬಹುಕಾಲದಿಂದ ಚರ್ಚೆ ನಡೆಯುತ್ತ ಬಂದಿದೆ. ನಮ್ಮ ಸೀಮೆಯಲ್ಲಿ ಅಂತಹ ಹಡಗಿಲ್ಲ. ಆದುದರಿಂದ ಆ ಚರ್ಚೆಯಿಂದ ನಮಗೇನು ಎಂದು ಕೆಲವರು ಕೇಳಬಹುದು. ಉಗಿಹಡಗಿನ ವಿಷಯದಲ್ಲಿ ಎದ್ದ ಪ್ರಶ್ನೆಗಳೇ ನಮ್ಮ ಹರಿಗೋಲಿನ ವಿಷಯದಲ್ಲಿಯೂ ಏಳತಕ್ಕವು. ಅಷ್ಟೇ ಅಲ್ಲದೆ, ಹರಿಗೋಲು ಮರೆಯಾದರೆ ನಷ್ಟವು ವಸ್ತುಸಂಗ್ರಹಾಲಯಕ್ಕೆ ಮಾತ್ರ ಸೀಮಿತವಾಗದೆ ನಮ್ಮ ಕಾವ್ಯಾರ್ಥಕ್ಕೂ ತಟ್ಟುವುದು. ಇದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಉಗಿಹಡಗು ಇಲ್ಲಿಗೆ ಏಕೆ ಬರಲಿಲ್ಲವೆಂಬುದನ್ನು ನೋಡೋಣ. ಕಲ್ಕತ್ತೆಯ ಕಿದಿರಪುರದಲ್ಲಿ ಕಟ್ಟಿದ ‘ಡಯಾನಾ’ ಎಂಬ ಉಗಿಹಡಗು ೧೮೨೩ರಲ್ಲಿ ನೀರಿಗಿಳಿಯಿತು. ಮೊದಲನೆಯ ಬರ್ಮಾ ಯುದ್ಧದಲ್ಲಿ ಐರಾವತೀ ನದಿಯಲ್ಲಿ ಸಂಚರಿಸಿತು. ಅಲ್ಲಿಂದ ಮುಂದೆ ಗಂಗೆ, ಬ್ರಹ್ಮಪುತ್ರೆ, ಸಿಂಧೂ ನದಿಗಳಲ್ಲಿ ಉಗಿಹಡಗುಗಳು ಹೆಚ್ಚಿದುವು. ದಕ್ಷಿಣದಲ್ಲಿ ಸರ್ ಆರ್ಥರ್ ಕಾಟನ್ ಎಂಬ ಎಂಜಿನಿಯರನು ಜಲಮಾರ್ಗಗಳ ಪಕ್ಷವನ್ನು ಬಲವಾಗಿ ಹಿಡಿದವನು. ರೈಲಿಗಿಂತ ನೀರಿನ ದಾರಿಯೇ ಅಗ್ಗವೆಂಬುದು ಅವನ ವಾದ. ಗೋದಾವರಿಯ ಮೇಲ್ಭಾಗವನ್ನು ಹಡಗುಗಳಿಗೆ ಯೋಗ್ಯವಾಗಿಸುವ ಕೆಲಸವು ಕೆಲಕಾಲ ನಡೆದು, ಬಂಡೆಗಳ ಅಡ್ಡಿಯಿಂದಲೂ ವೆಚ್ಚದಿಂದಲೂ ೧೮೭೧ರಲ್ಲಿ ನಿಂತುಹೋಯಿತು. ತುಂಗಭದ್ರೆಯ ನೀರನ್ನು ಸುಂಕೇಸುಲದ ಅಣೆಕಟ್ಟಿನಿಂದ ಒಯ್ಯುವ ಕರ್ನೂಲು–ಕಡಪೆಯ ಕಾಲುವೆಯೂ ನೀರಾವರಿಯೊಡನೆ ದೋಣಿಸಂಚಾರವನ್ನೂ ಉದ್ದೇಶಿಸಿ ತೋಡಿದುದೇ.

ಅದೇ ೧೮೭೧ರಲ್ಲಿ ಮುಂಬಯಿಯಿಂದ ಬಂದ ರೈಲುಮಾರ್ಗವು ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿತು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ತೆರೆಯಿತು. ಹೀಗೆ ನಮ್ಮ ಸೀಮೆಗೆ ಉಗಿಯು ನೀರಿನ ಮೇಲೆ ಬಾರದೆ ಕಬ್ಬಿಣದ ಕಂಬಿಗಳ ಮೇಲೆ ಬಂದಿತು. ಕಾರಣವು ನೆಲದಲ್ಲಿಯೇ ಇದೆ. ಕಾಗಿಣಾ ಭೀಮೆಗಳು ಮಳೆಗಾಲದಲ್ಲಿ ದಡಮೀರಿ ಹರಿದು ಬೇಸಗೆಯಲ್ಲಿ ಮಡುಗಳಾಗಿ ಉಳಿಯುವ ಹೊಳೆಗಳು. ಶಹಾಬಾದಿನ ಕಲ್ಲೆಂದು ಪ್ರಸಿದ್ಧವಾದ ಪದರುಪದರಾದ ಸುಣ್ಣಗಲ್ಲೇ ಇಲ್ಲಿ ಅನೇಕ ಕಡೆ ನದಿಯ ಪಾತ್ರಕ್ಕೆ ಹಾಸು. ಇಂತಹ ನೀರಿನಲ್ಲಿ ಆಳವನ್ನು ಬೇಡುವ ಉಗಿಹಡಗು ವರ್ಷದ ಹೆಚ್ಚಿನ ಕಾಲ ಬಂಡೆಗೆ ತಗುಲಿಯೇ ನಿಲ್ಲತಕ್ಕದ್ದು.

ಹಾಗಾದರೆ ಇಲ್ಲಿಗೆ ಒಪ್ಪುವ ನೌಕೆ ಯಾವುದು? ತಳವು ಚಪ್ಪಟೆಯಾಗಿರಬೇಕು, ಗೇಣುದ್ದದ ನೀರಿನಲ್ಲಿಯೂ ತೇಲಬೇಕು, ಕಲ್ಲಿಗೆ ತಗುಲಿದರೆ ಒಡೆಯದೆ ಬಾಗಿ ಜಾರಬೇಕು, ನೀರು ಬತ್ತಿದ ಕಡೆ ಮನುಷ್ಯನು ತಲೆಯ ಮೇಲೆ ಹೊತ್ತು ನಡೆಯುವಷ್ಟು ಹಗುರವಾಗಿರಬೇಕು. ಈ ನಾಲ್ಕೂ ಲಕ್ಷಣಗಳು ಕೂಡಿರುವುದೇ ಹರಿಗೋಲು. ಅದನ್ನು ನಾಗರಿಕತೆಯ ಹಿಂದುಳಿಕೆಯೆಂದು ಎಣಿಸುವವರು ಈ ನದಿಗಳನ್ನು ನೋಡಿದವರಲ್ಲವೆಂದೇ ಹೇಳಬೇಕಾಗುವುದು.

೩

ಹರಿಗೋಲಿನ ರಚನೆಯನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಬಿದಿರನ್ನು ಸೀಳಿ ದಬ್ಬೆಮಾಡಿ, ಬುಟ್ಟಿಯಂತೆ ದುಂಡಗೆ ಹೆಣೆದು, ಅಂಚನ್ನು ದಪ್ಪವಾಗಿ ಕಟ್ಟಿ, ಹೊರಮೈಗೆ ಹೊಲಿದ ಚರ್ಮವನ್ನು ಹೊದಿಸುವುದು ಹಿಂದಿನ ಕ್ರಮ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ, ಚುಕ್ಕಾಣಿಯಿಲ್ಲ, ಹಾಯಿಯಿಲ್ಲ. ಅಂಬಿಗನ ಕೈಯಲ್ಲಿರುವ ಹುಟ್ಟೊಂದೇ ಸಾಧನ.

ವಿಜಯನಗರಕ್ಕೆ ೧೫೨೦ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಗೆ ಜನರು ಹೊಳೆ ದಾಟುವ ರೀತಿಯನ್ನು ವರ್ಣಿಸಿದ್ದಾನೆ. ದೋಣಿಗಳು ಬುಟ್ಟಿಯಂತೆ ದುಂಡಗಿದ್ದುವೆಂದೂ, ಒಳಗೆ ಬೆತ್ತ, ಹೊರಗೆ ತೊಗಲು ಎಂದೂ, ಹದಿನೈದಿಪ್ಪತ್ತು ಜನರನ್ನು ಹೊರುತ್ತಿದ್ದುವೆಂದೂ, ಇತರ ದೋಣಿಗಳಂತೆ ನೆಟ್ಟಗೆ ಹೋಗಲಾರದೆ ಸದಾ ತಿರುಗುತ್ತಿದ್ದುವೆಂದೂ ಅವನು ಬರೆಯುತ್ತಾನೆ. ಇದಕ್ಕಿಂತ ನಮಗೆ ಮುಖ್ಯವಾದುದು ಅವನ ಕೊನೆಯ ಮಾತು. ಆ ರಾಜ್ಯದಲ್ಲಿ ಹೊಳೆಗಳಿದ್ದಲ್ಲೆಲ್ಲ ಇವಲ್ಲದೆ ಬೇರೆ ದೋಣಿಗಳಿಲ್ಲವೆಂದು ಅವನ ಹೇಳಿಕೆ. ಪ್ರವಾಸಿಯ ಮಾತಿನಲ್ಲಿ ಸ್ವಲ್ಪ ಅತಿಶಯವಿರಬಹುದು. ಆದರೂ ತುಂಗಭದ್ರೆಯ ಆ ಭಾಗದಲ್ಲಿ ಹರಿಗೋಲೇ ಸಾಮಾನ್ಯ ನೌಕೆಯಾಗಿತ್ತೆಂಬುದಕ್ಕೆ ಇದು ಸಾಲುವುದು. ೧೮೦೩ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದ ಆರ್ಥರ್ ವೆಲ್ಲೆಸ್ಲಿಯು, ಮುಂದೆ ವೆಲಿಂಗ್ಟನ್ ಎಂದು ಪ್ರಸಿದ್ಧನಾದವನು, ಮಲಪ್ರಭೆ, ಘಟಪ್ರಭೆ, ಕೃಷ್ಣೆಗಳು ತುಂಬುವ ಮೊದಲೇ ಬುಟ್ಟಿದೋಣಿಗಳನ್ನು ಸಿದ್ಧಪಡಿಸಿಡಲು ಆಜ್ಞೆಮಾಡಿದ್ದನು. ಇಪ್ಪತ್ತನೆಯ ಶತಮಾನದಲ್ಲಿ ಜೇಮ್ಸ್ ಹಾರ್ನೆಲ್ ಎಂಬ ವಿದ್ವಾಂಸನು ದಕ್ಷಿಣ ಹಿಂದೂಸ್ಥಾನದ ಹರಿಗೋಲುಗಳನ್ನು ಶಾಸ್ತ್ರೀಯವಾಗಿ ಪರಿಶೀಲಿಸಿ ೧೯೩೩ರಲ್ಲಿ ಲೇಖನವನ್ನು ಪ್ರಕಟಿಸಿದನು. ಪರದೇಶದವರು ಇಷ್ಟು ಗಮನಿಸಿದ ವಸ್ತುವನ್ನು ನಮ್ಮ ಪಠ್ಯಪುಸ್ತಕಗಳ ಟಿಪ್ಪಣಿಗಳು ‘ಹರಿಗೋಲು ಎಂದರೆ ದೋಣಿ’ ಎಂದು ಮೂರು ಮಾತಿನಲ್ಲಿ ಮುಗಿಸಿಬಿಡುವುದು ವಾಡಿಕೆಯಾಗಿದೆ. ಈ ವಾಡಿಕೆಯಿಂದ ಆಗುವ ಹಾನಿಯನ್ನು ಈಗ ನೋಡತಕ್ಕದ್ದು.

೪

ಪುರಂದರದಾಸರು ಭಗವಂತನನ್ನು ಅಂಬಿಗನೆಂದು ಕರೆದು ಹಾಡಿದ ಕೀರ್ತನೆಯು ಕನ್ನಡಿಗರಿಗೆಲ್ಲ ಬಾಯಿಪಾಠವಾಗಿರುವುದು. ಅದರಲ್ಲಿ ದೇಹವು ಹರಿಗೋಲು. ಅದಕ್ಕೆ ಒಂಬತ್ತು ಛಿದ್ರಗಳು. ಹೊಳೆಯ ಭರ, ಸೆಳವು, ಸುಳಿ, ಆರು ತೆರೆಗಳು, ಸತ್ಯವೆಂಬ ಹುಟ್ಟು, ಇವೆಲ್ಲ ಕ್ರಮವಾಗಿ ಬರುತ್ತವೆ. ಸಾಮಾನ್ಯವಾದ ವ್ಯಾಖ್ಯಾನವು ಇದನ್ನು ಭವಸಾಗರದ ರೂಪಕವೆಂದು ಹೇಳಿ, ಒಂಬತ್ತು ಛಿದ್ರಗಳೆಂದರೆ ನವದ್ವಾರಗಳೆಂದು ಸೂಚಿಸಿ ಮುಂದೆ ಸಾಗುವುದು. ಅದು ತಪ್ಪಲ್ಲ, ಆದರೆ ಅಪೂರ್ಣ.

ಮೊದಲನೆಯದಾಗಿ, ನವದ್ವಾರಗಳ ಕಲ್ಪನೆಯು ಹಳೆಯದು. ಭಗವದ್ಗೀತೆಯ ಐದನೆಯ ಅಧ್ಯಾಯದಲ್ಲಿ ದೇಹವು ಒಂಬತ್ತು ಬಾಗಿಲುಗಳ ಪಟ್ಟಣ, ಶ್ವೇತಾಶ್ವತರೋಪನಿಷತ್ತಿನಲ್ಲಿಯೂ ಹಾಗೆಯೇ. ಪಟ್ಟಣಕ್ಕೆ ಬಾಗಿಲು ಭೂಷಣ. ಅದರ ಮೂಲಕ ಜನವೂ ಧಾನ್ಯವೂ ಒಳಗೆ ಬರುವುವು. ಅರಸನು ಒಳಗೆ ನೆಮ್ಮದಿಯಿಂದ ಕುಳಿತಿರಬಹುದು. ದಾಸರು ಪಟ್ಟಣವನ್ನು ಬಿಟ್ಟು ನೌಕೆಯನ್ನು ಹಿಡಿದರು. ಒಡನೆಯೇ ಬಾಗಿಲುಗಳು ತೂತುಗಳಾದುವು. ಎಣಿಕೆಯು ಒಂದೇ ಆಗಿದ್ದರೂ ಅರ್ಥವು ತಲೆಕೆಳಗಾಯಿತು. ಪಟ್ಟಣದ ಬಾಗಿಲನ್ನು ಮುಚ್ಚಲು ಕಾವಲುಗಾರನಿರುವನು. ನಡುಹೊಳೆಯಲ್ಲಿ ತೂತಾದ ನೌಕೆಯಲ್ಲಿ ಕುಳಿತವನಿಗೆ ಅಂಬಿಗನನ್ನು ಕೂಗುವುದಲ್ಲದೆ ಬೇರೆ ದಾರಿಯಿಲ್ಲ. ಶಾಸ್ತ್ರದ ಶಾಂತವಾದ ಉಪಮಾನವು ಇಲ್ಲಿ ಆರ್ತನ ಕೂಗಾಗಿ ಮಾರ್ಪಟ್ಟಿದೆ.

ಎರಡನೆಯದಾಗಿ, ಆ ನೌಕೆಯು ಹರಿಗೋಲೇ ಆಗಿರುವುದು ಆಕಸ್ಮಿಕವೆಂದು ತಿಳಿಯಲಾಗದು. ಮರದ ದೋಣಿಗೂ ಮನುಷ್ಯದೇಹಕ್ಕೂ ಹೋಲಿಕೆಯನ್ನು ಬುದ್ಧಿಯಿಂದ ಕಲ್ಪಿಸಿಕೊಳ್ಳಬೇಕು. ಹರಿಗೋಲಿನಲ್ಲಿ ಅದು ಕಣ್ಣಿಗೆ ಕಾಣುವುದು. ಒಳಗೆ ಪಕ್ಕೆಲುಬುಗಳಂತೆ ಬಾಗಿದ ಬಿದಿರು, ಹೊರಗೆ ತೊಗಲು. ಎಲುಬಿನ ಗೂಡಿನ ಮೇಲೆ ಚರ್ಮ ಹೊದ್ದ ದೇಹಕ್ಕೂ ಬಿದಿರಿನ ಗೂಡಿನ ಮೇಲೆ ಚರ್ಮ ಹೊದ್ದ ನೌಕೆಗೂ ರಚನೆಯೇ ಒಂದು. ಎರಡೂ ತೊಗಲು ನೆನೆದು ಕೊಳೆಯುವವರೆಗೆ ಬಾಳುವುವು. ಎರಡಕ್ಕೂ ಆಯುಷ್ಯ ಕಡಮೆ. ಈ ಸಾಮ್ಯವನ್ನು ಅರಿಯದ ಓದುಗನಿಗೆ ರೂಪಕದ ಅರ್ಧವು ಕೈತಪ್ಪಿದಂತೆಯೇ ಸರಿ.

ಮೂರನೆಯದು ಹುಟ್ಟಿನ ವಿಚಾರ. ದೊಡ್ಡ ನೌಕೆಯಲ್ಲಿ ಹುಟ್ಟುಗಳು ಹಲವು, ಚುಕ್ಕಾಣಿಯು ಬೇರೆ. ಹರಿಗೋಲಿನಲ್ಲಿ ನಡೆಸುವುದೂ ತಿರುಗಿಸುವುದೂ ತಡೆಯುವುದೂ ಒಂದೇ ಹುಟ್ಟಿನಿಂದ. ಸತ್ಯವನ್ನು ಹುಟ್ಟೆಂದಾಗ, ಹಲವು ಸಾಧನಗಳಲ್ಲಿ ಅದೊಂದು ಎಂಬ ಅರ್ಥಕ್ಕಿಂತ, ಅದು ಕೈಬಿಟ್ಟರೆ ಬೇರೆ ಸಾಧನವೇ ಇಲ್ಲವೆಂಬ ಅರ್ಥವು ಹೆಚ್ಚು ಯುಕ್ತವಾಗಿ ತೋರುವುದು.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಕೀರ್ತನೆಯಲ್ಲಿ ಚರ್ಮದ ಮಾತೇ ಇಲ್ಲ. ಹರಿಗೋಲೆಂಬ ಪದವನ್ನು ದಾಸರು ನೌಕೆಯೆಂಬ ಸಾಮಾನ್ಯಾರ್ಥದಲ್ಲಿ ಬಳಸಿರಬಹುದು. ಬಾಯಿಂದ ಬಾಯಿಗೆ ಬಂದ ಹಾಡಿನಲ್ಲಿ ಪಾಠಾಂತರಗಳು ಸಹಜ. ಈ ಮೂರೂ ಒಪ್ಪತಕ್ಕ ಮಾತುಗಳೇ. ಆದರೆ ದಾಸರ ಕಾಲವು ೧೪೮೪ರಿಂದ ೧೫೬೪ರವರೆಗೆ ಎಂಬುದು ಸಂಪ್ರದಾಯ. ಅವರು ನೆಲಸಿದುದು ವಿಜಯನಗರ. ಅವರ ಹೆಸರಿನ ಮಂಟಪವು ಇಂದಿಗೂ ವಿಠ್ಠಲ ದೇವಾಲಯದ ಬಳಿ ತುಂಗಭದ್ರೆಯ ದಡದಲ್ಲಿದೆ. ಪಾಯೆಸನು ತೊಗಲಿನ ಬುಟ್ಟಿದೋಣಿಗಳನ್ನು ಕಂಡುದು ಅದೇ ಕಾಲದಲ್ಲಿ, ಅದೇ ಹೊಳೆಯಲ್ಲಿ. ಆ ಊರಿನಲ್ಲಿ ಹರಿಗೋಲೆಂದಾಗ ಕೇಳುವವನ ಮನಸ್ಸಿಗೆ ತೊಗಲು ಹೊದ್ದ ಬುಟ್ಟಿಯೇ ಬಂದಿರಬೇಕು. ಪ್ರತಿದಿನ ಕಾಣುವ ವಸ್ತುವನ್ನು ಕವಿಯು ವಿವರಿಸುವ ಅವಶ್ಯಕತೆಯಿಲ್ಲ. ವಿವರಿಸದೆ ಬಿಟ್ಟುದೇ ಪರಿಚಯದ ಗುರುತು. ಹರಿಗೋಲು ತಿರುಗುತ್ತ ಸಾಗುವುದನ್ನು ಸಂಸಾರಚಕ್ರಕ್ಕೆ ಹೋಲಿಸುವ ಆಸೆಯೂ ವ್ಯಾಖ್ಯಾನಕಾರನಿಗೆ ಹುಟ್ಟಬಹುದು. ಆದರೆ ಕೀರ್ತನೆಯು ಅದನ್ನು ಹೇಳಿಲ್ಲ. ಸುಳಿಯನ್ನು ಮಾತ್ರ ಹೇಳಿದೆ. ಆದುದರಿಂದ ಅಷ್ಟು ದೂರ ಹೋಗುವುದು ನಮಗೆ ಸಮ್ಮತವಲ್ಲ. ವಸ್ತುಜ್ಞಾನವು ಅರ್ಥವನ್ನು ಬೆಳಗಬೇಕೇ ಹೊರತು ಇಲ್ಲದ ಅರ್ಥವನ್ನು ತುಂಬಬಾರದು.

೫

ದಾಸರು ಹೊಳೆಯನ್ನು ಕಂಡುದು ನೌಕೆಯಲ್ಲಿ ಕುಳಿತ ಪ್ರಯಾಣಿಕನ ಕಣ್ಣಿನಿಂದ. ಅದಕ್ಕೂ ನಾಲ್ಕು ಶತಮಾನಗಳ ಹಿಂದೆ, ಹುಟ್ಟು ಹಿಡಿದವನ ಕಡೆಯಿಂದಲೇ ನೋಡಿದ ಕವಿಯೊಬ್ಬನು ನಮ್ಮಲ್ಲಿದ್ದನು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನು ವೃತ್ತಿಯಿಂದ ಅಂಬಿಗ. ತುಂಗಭದ್ರೆಯ ದಡದ ಚೌಡದಾನಪುರದೊಡನೆ ಅವನ ಹೆಸರು ಕೂಡಿಕೊಂಡಿದೆ. ಇತರ ಶರಣರಲ್ಲಿ ಹೆಚ್ಚಿನವರು ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ, ಇವನು ತನ್ನ ವೃತ್ತಿಯೊಡನೆ ಕೂಡಿದ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡನು. ಇವನ ಮಾತು ಬಿರುಸು; ದಾಕ್ಷಿಣ್ಯವಿಲ್ಲದುದು. ಇದನ್ನು ಕೇವಲ ಸ್ವಭಾವವೆಂದು ಹೇಳಿ ಬಿಡುವುದುಂಟು. ಕಡವಿನಲ್ಲಿ ನಿಂತವನು ಬ್ರಾಹ್ಮಣನನ್ನೂ ಶೂದ್ರನನ್ನೂ, ಅರಸನ ದೂತನನ್ನೂ ಭಿಕ್ಷುಕನನ್ನೂ ಒಂದೇ ತಳದ ಮೇಲೆ ಕೂರಿಸಿ ದಾಟಿಸತಕ್ಕವನು. ಭಾರ ಒಂದು ಕಡೆಗೆ ವಾಲಿದರೆ ಎಲ್ಲರೂ ಮುಳುಗುವರು. ಅಲ್ಲಿ ದೊಡ್ಡವನೆಂದು ಯಾರೂ ತಮ್ಮ ಮನಸ್ಸಿಗೆ ಬಂದಲ್ಲಿ ಕೂರುವ ಹಾಗಿಲ್ಲ. ಅಂಬಿಗನು ಹೇಳಿದಲ್ಲಿ ಕೂರಬೇಕು. ಈ ವೃತ್ತಿಯ ಅನುಭವವು ಅವನ ನಿಷ್ಠುರವಾದ ಮಾತಿಗೆ ಒಂದು ಕಾರಣವಾಗಿರಬಹುದೆಂದು ನಮ್ಮ ಊಹೆ. ಇದನ್ನು ಸಿದ್ಧಾಂತವೆಂದು ಮಂಡಿಸುವುದಿಲ್ಲ. ಆದರೆ ಹರಿಗೋಲಿನಲ್ಲಿ ಒಮ್ಮೆಯಾದರೂ ಕುಳಿತು ದಾಟಿದ ಓದುಗನು ಈ ಊಹೆಯನ್ನು ಸುಲಭವಾಗಿ ತಳ್ಳಿಹಾಕಲಾರನು.

೬

ಇನ್ನು ರಕ್ಷಣೆಯ ವಿಚಾರ. ಉಗಿಹಡಗುಗಳ ಚರಿತ್ರೆಯಿಂದ ಇಲ್ಲಿ ನಾವು ಕಲಿಯತಕ್ಕದ್ದು ಬಹಳವಿದೆ. ಅಮೆರಿಕದ ‘ಬೆಲ್ ಆಫ್ ಲೂಯಿವಿಲ್’ ಎಂಬ ಹಡಗು ೧೯೧೪ರಲ್ಲಿ ಕಟ್ಟಿದುದು. ೧೯೮೯ರಲ್ಲಿ ಅದಕ್ಕೆ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕದ ಪದವಿ ದೊರೆಯಿತು. ಅದು ದಡದಲ್ಲಿ ನಿಂತು ಉಳಿಯಲಿಲ್ಲ. ಉಗಿಯಿಂದಲೇ ಓಡುತ್ತ ಉಳಿದುಬಂದಿತು. ‘ಡೆಲ್ಟಾ ಕ್ವೀನ್’ ಎಂಬ ಇನ್ನೊಂದು ಹಡಗಿನ ಕಥೆಯು ಬೇರೆ. ಅದರ ಮೇಲ್ಕಟ್ಟಡವು ಮರದ್ದು. ೧೯೬೬ರ ಸುರಕ್ಷತಾ ಕಾನೂನಿನ ಪ್ರಕಾರ ರಾತ್ರಿ ಪ್ರಯಾಣಿಕರನ್ನು ಒಯ್ಯಲು ಅದಕ್ಕೆ ಅರ್ಹತೆಯಿರಲಿಲ್ಲ. ಶಾಸನಸಭೆಯು ಮತ್ತೆ ಮತ್ತೆ ವಿನಾಯಿತಿಯನ್ನು ಕೊಟ್ಟಿತು. ೨೦೦೮ರಲ್ಲಿ ಅದೂ ಮುಗಿಯಿತು. ಬಂಗಾಳದಲ್ಲಿ ‘ರಾಕೆಟ್’ ಎಂದು ಹೆಸರಾದ ಚಕ್ರದ ಹಡಗುಗಳಿಗೆ ಕಲ್ಲಿದ್ದಲಿನ ಉಗಿಯಂತ್ರವನ್ನು ತೆಗೆದು ಡೀಸೆಲ್ ಯಂತ್ರವನ್ನು ಕೂಡಿಸಿದರು. ಜನರು ಸ್ಟೀಮರೆಂಬ ಹೆಸರನ್ನು ಬಿಡಲಿಲ್ಲ. ೨೦೨೨ರಲ್ಲಿ ಪದ್ಮಾ ನದಿಗೆ ಸೇತುವೆ ತೆರೆದ ಮೇಲೆ ಪ್ರಯಾಣಿಕರು ಅತ್ತ ತಿರುಗಿದರು. ಅದೇ ವರ್ಷ ಆ ಹಡಗುಗಳ ನಿತ್ಯಸಂಚಾರವು ನಿಂತಿತು.

ಇವುಗಳಿಂದ ಮೂರು ಪ್ರಶ್ನೆಗಳು ಏಳುತ್ತವೆ. ದ್ರವ್ಯವು ಬದಲಾದ ಮೇಲೆ ಅದು ಅದೇ ವಸ್ತುವೇ? ಪ್ರಾಣರಕ್ಷಣೆಗೂ ಪ್ರಾಚೀನರಕ್ಷಣೆಗೂ ವಿರೋಧ ಬಂದಲ್ಲಿ ಯಾವುದು ಮೇಲು? ಸೇತುವೆ ಬಂದ ಮೇಲೆ ನೌಕೆಗೆ ಉಳಿಯುವ ಪ್ರಯೋಜನವೇನು? ಈ ಮೂರೂ ನಮ್ಮ ಹರಿಗೋಲಿಗೆ ಅಕ್ಷರಶಃ ಅನ್ವಯಿಸುತ್ತವೆ. ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಪ್ರವಾಸಿಗಳ ಸ್ಥಳಗಳಲ್ಲಿ ಗಾಜಿನ ನಾರಿನ ಅಚ್ಚಿನ ಹರಿಗೋಲುಗಳೂ ಬಂದಿವೆ. ಹಂಪೆಯನ್ನು ೧೯೮೬ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಆನೆಗೊಂದಿಯ ಸೇತುವೆಯ ಕೆಲಸವೇ ಮುಖ್ಯ ಕಾರಣವಾಗಿ ೧೯೯೯ರಲ್ಲಿ ಅದನ್ನು ಅಪಾಯದ ಪಟ್ಟಿಗೆ ಹಾಕಿ, ೨೦೦೬ರಲ್ಲಿ ತೆಗೆದರು. ೨೦೦೯ರಲ್ಲಿ ಕಟ್ಟುತ್ತಿದ್ದ ಆ ಸೇತುವೆಯೇ ಕುಸಿದು ಕೆಲಸಗಾರರ ಪ್ರಾಣಹಾನಿಯಾಯಿತು. ವಿದ್ವಾಂಸರ ದೃಶ್ಯರಕ್ಷಣೆಯ ವಾದಕ್ಕೂ, ಮಳೆಗಾಲದಲ್ಲಿ ರೋಗಿಯನ್ನು ಆಚೆಯ ದಡಕ್ಕೆ ಸಾಗಿಸಬೇಕಾದ ಹಳ್ಳಿಗನ ವಾದಕ್ಕೂ ನಡುವೆ ಆ ಹೊಳೆಯು ಹರಿಯುತ್ತಿತ್ತೆಂದು ಹೇಳಬಹುದು.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮರೆಮಾಚದೆ ಹೇಳುತ್ತೇವೆ. ಕೀರ್ತನೆಯ ಅರ್ಥವು ನಮಗೆ ಸ್ಪಷ್ಟವಾಗಲೆಂದು ಯಾರೂ ತುಂಬಿದ ಹೊಳೆಯನ್ನು ಬುಟ್ಟಿಯಲ್ಲಿ ದಾಟಬೇಕಾಗಿಲ್ಲ. ಸೇತುವೆಗಳು ಬರಲಿ. ಅಂಬಿಗರ ಮಕ್ಕಳು ಹುಟ್ಟನ್ನೇ ಹಿಡಿಯಬೇಕೆಂದು ವಿಧಿಸುವ ಅಧಿಕಾರವು ಸಾಹಿತ್ಯಾಭಿಮಾನಿಗಳಿಗೆ ಇಲ್ಲ. ಆದರೆ ಪ್ರಯೋಜನವು ಮುಗಿದ ವಸ್ತುವಿನೊಡನೆ ಅದರ ಜ್ಞಾನವೂ ಮುಗಿಯಬೇಕೆಂಬ ನಿಯಮವಿಲ್ಲ.

ಕಾನೂನಿನಿಂದ ಇಲ್ಲಿ ಹೆಚ್ಚು ಸಹಾಯವಾಗದು. ೧೯೭೨ರ ಪುರಾವಸ್ತು ಕಾಯಿದೆಯು ಸಾಮಾನ್ಯವಾಗಿ ನೂರು ವರ್ಷ ಕಳೆದ ವಸ್ತುವನ್ನು ಪುರಾವಸ್ತುವೆಂದು ಎಣಿಸುವುದು. ಕಬ್ಬಿಣದ ಉಗಿಹಡಗು ನೂರು ವರ್ಷ ಬಾಳಬಲ್ಲುದು. ತೊಗಲಿನ ಹರಿಗೋಲು ಕೆಲವೇ ವರ್ಷಗಳಲ್ಲಿ ಸವೆಯುವುದು. ಸಾವಿರ ವರ್ಷದ ಸಂಪ್ರದಾಯವುಳ್ಳ ನೌಕೆಯು ನೂರು ವರ್ಷದ ಪರೀಕ್ಷೆಯಲ್ಲಿ ಎಂದಿಗೂ ತೇರ್ಗಡೆಯಾಗದು. ಅದನ್ನು ತಂದು ಗಾಜಿನ ಕಪಾಟಿನಲ್ಲಿಟ್ಟರೆ ತೊಗಲು ಒಣಗಿ ಬಿರಿಯುವುದು. ಉಗಿಹಡಗನ್ನು ಉಳಿಸುವುದೆಂದರೆ ಇದ್ದುದನ್ನು ದುರಸ್ತಿಮಾಡುವುದು; ಹರಿಗೋಲನ್ನು ಉಳಿಸುವುದೆಂದರೆ ಮತ್ತೆ ಮತ್ತೆ ಹೆಣೆಯುವುದು. ಉಳಿಯಬೇಕಾದುದು ಕೈಯಲ್ಲಿರುವ ವಿದ್ಯೆ, ಬಾಯಲ್ಲಿರುವ ಮಾತು. ೨೦೦೩ರಲ್ಲಿ ಯುನೆಸ್ಕೋ ಸಂಸ್ಥೆಯು ಅಮೂರ್ತ ಪರಂಪರೆಯ ರಕ್ಷಣೆಗಾಗಿ ಮಾಡಿದ ಒಡಂಬಡಿಕೆಯನ್ನು ಭಾರತವು ೨೦೦೫ರಲ್ಲಿ ಅಂಗೀಕರಿಸಿದೆ. ಹರಿಗೋಲಿಗೆ ಒಪ್ಪುವ ಮಾರ್ಗವು ಅದೇ.

ಆ ಮಾರ್ಗದಲ್ಲಿ ಮೊದಲ ಹೆಜ್ಜೆಯು ಸರ್ಕಾರದ್ದಲ್ಲ, ನಮ್ಮದು. ಕಾಗಿಣಾ, ಭೀಮಾ, ಕೃಷ್ಣಾ, ತುಂಗಭದ್ರೆಗಳ ದಡದಲ್ಲಿ ಹೊಳೆಯ ವೃತ್ತಿಯನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ನೀರಿನ ಬಗೆಗಳಿಗೆ, ಸೆಳವಿಗೆ, ಸುಳಿಗೆ, ಹೆಣಿಗೆಯ ಹಂತಗಳಿಗೆ, ಹುಟ್ಟು ಹಾಕುವ ಕ್ರಮಗಳಿಗೆ ಅವರಲ್ಲಿರುವ ಮಾತುಗಳನ್ನು ಊರೂರಿಗೆ ಹೋಗಿ ಬರೆದುಕೊಳ್ಳಬೇಕು. ಗುಂಡಗುರ್ತಿಯ ಸೀಮೆಯ ಮಾತಿಗೂ ಆನೆಗೊಂದಿಯ ಮಾತಿಗೂ ಇರುವ ಭೇದವನ್ನು ಗುರುತಿಸಬೇಕು. ಬಿದಿರು ಸೀಳುವುದರಿಂದ ನೀರಿಗಿಳಿಸುವವರೆಗೆ ಒಂದು ಹರಿಗೋಲಿನ ನಿರ್ಮಾಣವನ್ನು ಚಿತ್ರಸಹಿತವಾಗಿ ದಾಖಲಿಸಬೇಕು. ಅನಂತರ ವಚನ ಕೀರ್ತನೆಗಳ ಸಂಪಾದಕರು ತಮ್ಮ ಟಿಪ್ಪಣಿಗಳನ್ನು ಅದರ ಬೆಳಕಿನಲ್ಲಿ ತಿದ್ದಬೇಕು. ಅಧ್ಯಾಪಕರು ತರಗತಿಯಲ್ಲಿ ಈ ಕೀರ್ತನೆಯನ್ನು ಪಾಠಮಾಡುವ ದಿನ, ಹರಿಗೋಲೆಂದರೆ ದೋಣಿಯೆಂದು ಮುಗಿಸದೆ, ಅದರ ಬಿದಿರನ್ನೂ ತೊಗಲನ್ನೂ ಒಂದೇ ಹುಟ್ಟನ್ನೂ ವಿದ್ಯಾರ್ಥಿಗಳಿಗೆ ವಿವರಿಸಿದರೆ ಅಷ್ಟರಮಟ್ಟಿಗೆ ಆ ನೌಕೆಯು ಉಳಿದಂತೆಯೇ.

ಹೊಳೆಯ ದಡದ ವೃದ್ಧರು ಒಬ್ಬೊಬ್ಬರಾಗಿ ಕಾಲವಾಗುತ್ತಿರುವರು. ವಿಳಂಬಕ್ಕೆ ಅವಕಾಶವಿಲ್ಲ. ಇಲ್ಲಿ ಹೇಳಿದ ಅರ್ಥವಿಚಾರದಲ್ಲಿ ದೋಷಗಳಿದ್ದರೆ ಬಲ್ಲವರು ತಿದ್ದಬೇಕು. ಹರಿಗೋಲಿನ ಬಗ್ಗೆ ತಮ್ಮ ಊರುಗಳಲ್ಲಿ ಕೇಳಿ ತಿಳಿದುದನ್ನು ಬರೆದು ತಿಳಿಸಬೇಕೆಂದೂ ವಾಚಕರಲ್ಲಿ ನಮ್ಮ ಪ್ರಾರ್ಥನೆ.